ಒಂದೊಂದೇ ಇದ್ದಾಗ ಸುಮ್ಮನಿರುವ ರಾಸಾಯನಿಕಗಳು ಪಶು ಆಹಾರದಲ್ಲಿ ಒಟ್ಟಾದರೆ ಮೂತ್ರಪಿಂಡಕ್ಕೆ ಏನಾಗುತ್ತದೆ?

ಮುಧೋಳ ಬೇಟೆನಾಯಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಮುಧೋಳ ನಾಯಿಗಳಿವೆ. ಈಚೆಗೆ ಸಂತೆಯ ಅಂಗಡಿಯೊಂದರಲ್ಲಿ ದೊಡ್ಡ ಚೀಲದಿಂದ ತೂಗಿ ಕೊಡುವ ಒಣ ಆಹಾರವನ್ನು ಅವಕ್ಕೆ ಹಾಕುತ್ತಿದ್ದೆವು. ಮೊದಲು ಗಂಡು ನಾಯಿ ಅತಿಯಾಗಿ ನೀರು ಕುಡಿಯತೊಡಗಿತು, ಆಮೇಲೆ ವಾಂತಿ ಮಾಡಿತು, ಊಟ ಬಿಟ್ಟಿತು. ರಕ್ತ ಪರೀಕ್ಷೆಯಲ್ಲಿ, ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದಾಗ ಏರುವ ಕ್ರಿಯಾಟಿನಿನ್ 6.8 ಬಂದಿದೆ. ಡ್ರಿಪ್ ನಡೆಯುತ್ತಿದೆ. ಹೆಣ್ಣು ನಾಯಿ ಅದೇ ಚೀಲದ ಆಹಾರ ತಿಂದಿದ್ದರೂ ನೋಡಲು ಆರೋಗ್ಯವಾಗಿಯೇ ಇದೆ.

ಉಳಿದ ಆಹಾರವನ್ನು ಖಾಸಗಿ ಪ್ರಯೋಗಾಲಯವೊಂದಕ್ಕೆ ಕೊಟ್ಟಾಗ ಪ್ರೋಟೀನ್ ಶೇ. 26 ಇದೆ, ಗುಣಮಟ್ಟ ಉತ್ತಮವಾಗಿದೆ ಎಂಬ ವರದಿ ಬಂತು. ಆದರೆ ಅಂಗಡಿಯಲ್ಲಿ ಮತ್ತೊಮ್ಮೆ ಆ ಚೀಲವನ್ನು ನೋಡಿದಾಗ ಅದರ ಬಾಯಿಯ ಹೊಲಿಗೆಯಲ್ಲಿ ಎರಡು ಬಣ್ಣದ ದಾರಗಳಿದ್ದವು, ಹಳೆಯ ಹೊಲಿಗೆಯ ತೂತುಗಳು ಪಕ್ಕದಲ್ಲೇ ಕಾಣುತ್ತಿದ್ದವು. ಒಬ್ಬರು ಇದು ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕದ ಬೆರಕೆ ಎನ್ನುತ್ತಾರೆ, ಇನ್ನೊಬ್ಬರು ಮೆಲಮೈನ್ ವಿಷವೇ ಅಲ್ಲ ಎನ್ನುತ್ತಾರೆ. ಯಾರ ಮಾತು ಸರಿ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಗೋಕಾಕ ಹೈನುಗಾರ
ಮೆಲಮೈನ್ ವಿಷವಲ್ಲ ಎಂದವರು 2008ರ ಚೀನಾದ ಹಾಲಿನ ಪುಡಿಯ ಪ್ರಕರಣವನ್ನು ಮರೆತಿದ್ದಾರೆ. ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು, ಆರು ಕೂಸುಗಳು ತೀರಿಹೋದವು. ಆ ವರ್ಷವೇ ನಮ್ಮ ದೇಶ ಚೀನಾದ ಹಾಲಿನ ಉತ್ಪನ್ನಗಳ ಆಮದನ್ನು ನಿಷೇಧಿಸಿತು.

ಜಮಖಂಡಿ ರಸಾಯನ ಮಾಸ್ತರ
ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಮೆಲಮೈನ್ ಒಂದನ್ನೇ ಇಲಿಗೆ ತಿನ್ನಿಸಿ ಕೊಲ್ಲಬೇಕಾದರೆ ದೇಹದ ತೂಕದ ಪ್ರತಿ ಕಿಲೋಗೆ ಮೂರು ಗ್ರಾಂಗಿಂತ ಹೆಚ್ಚು ಬೇಕಾಗುತ್ತದೆ. ಆ ಲೆಕ್ಕದಲ್ಲಿ ಅದು ತೀವ್ರ ವಿಷವಲ್ಲ, ಆದ್ದರಿಂದಲೇ ಬಹಳ ಕಾಲ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅದನ್ನು ಆಹಾರಕ್ಕೆ ಏಕೆ ಬೆರೆಸುತ್ತಾರೆ ಎಂಬುದನ್ನು ಮೊದಲು ಅರ್ಥಮಾಡಿಕೊಳ್ಳಬೇಕು. ನಿಮ್ಮ ವರದಿಯಲ್ಲಿರುವ ‘ಪ್ರೋಟೀನ್ ಶೇ. 26’ ಎಂಬುದು ಬಹುಮಟ್ಟಿಗೆ ಪ್ರೋಟೀನನ್ನೇ ಅಳೆದು ಬಂದ ಅಂಕಿಯಲ್ಲ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಆಹಾರದೊಳಗಿನ ಒಟ್ಟು ಸಾರಜನಕವನ್ನು ಅಳೆದು, ಅದನ್ನು 6.25ರಿಂದ ಗುಣಿಸಿ ಬಂದ ಸಂಖ್ಯೆಗೆ ಪ್ರೋಟೀನ್ ಎಂದು ಹೆಸರಿಡುತ್ತಾರೆ. ಸಾರಜನಕ ಮಾಂಸದಿಂದ ಬಂತೋ ಗೊಬ್ಬರದಿಂದ ಬಂತೋ ಎಂಬುದು ಆ ವಿಧಾನಕ್ಕೆ ತಿಳಿಯುವುದಿಲ್ಲ. ಮೆಲಮೈನ್ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ ಇದೆ. ಹೀಗಾಗಿ ನೂರು ಕಿಲೋ ಹಿಟ್ಟಿನಲ್ಲಿ ಒಂದು ಕಿಲೋ ಮೆಲಮೈನ್ ಕಲಸಿದರೆ ಕಾಗದದ ಮೇಲೆ ಪ್ರೋಟೀನ್ ಸುಮಾರು ನಾಲ್ಕು ಅಂಶ ಏರುತ್ತದೆ. ಪ್ರಾಣಿಯ ಹೊಟ್ಟೆಗೆ ಮಾತ್ರ ಒಂದು ಗ್ರಾಂ ಪ್ರೋಟೀನೂ ಹೆಚ್ಚಿಗೆ ಸಿಗುವುದಿಲ್ಲ.

ಬೈಲಹೊಂಗಲ ಹಿಂಡಿ ವ್ಯಾಪಾರಿ
ಮಾಸ್ತರೇ, ನೀವೇ ಅದು ತೀವ್ರ ವಿಷವಲ್ಲ ಎಂದಿರಿ. ಹಾಗಿದ್ದರೆ ಈ ನಾಯಿಯ ಮೂತ್ರಪಿಂಡ ಕೆಟ್ಟಿದ್ದು ಆಹಾರದಿಂದಲೇ ಎಂದು ಹೇಗೆ ಹೇಳುತ್ತೀರಿ? ಇಲಿಜ್ವರದಿಂದಲೂ ನಾಯಿಗಳ ಮೂತ್ರಪಿಂಡ ಕೆಡುತ್ತದೆ. ಏನೇ ಆದರೂ ಮೊದಲು ಬೆರಳು ತೋರಿಸುವುದು ಅಂಗಡಿಯವನ ಕಡೆಗೇ ಎಂಬುದು ನನಗೆ ಬಹಳ ನೋವಿನ ಸಂಗತಿ.

ಪಶುವೈದ್ಯೆ, ಬೆಳಗಾವಿ
ವ್ಯಾಪಾರಿಗಳ ಪ್ರಶ್ನೆ ನ್ಯಾಯವಾದದ್ದೇ. ಇಲಿಜ್ವರವನ್ನು ಪರೀಕ್ಷೆ ಮಾಡಿಯೇ ತಳ್ಳಿಹಾಕಬೇಕು. ಬೇಟೆನಾಯಿ ತಳಿಗಳಲ್ಲಿ ಸ್ನಾಯು ಹೆಚ್ಚಿರುವುದರಿಂದ ಕ್ರಿಯಾಟಿನಿನ್ ಸಹಜವಾಗಿಯೇ ತುಸು ಮೇಲಿರಬಹುದು, ಆದರೆ 6.8 ಎಂಬುದನ್ನು ತಳಿಯ ಗುಣವೆಂದು ಹೇಳಲಾಗದು.

ಆಹಾರದ ಮೇಲಿನ ಸಂಶಯ ಎಲ್ಲಿಂದ ಬರುತ್ತದೆ ಎಂದರೆ 2007ರ ಘಟನೆಯಿಂದ. ಆ ವರ್ಷದ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಕಂಪನಿ ನಾಯಿ ಮತ್ತು ಬೆಕ್ಕುಗಳ ಆಹಾರದ ಆರು ಕೋಟಿಗೂ ಹೆಚ್ಚು ಡಬ್ಬಿ ಮತ್ತು ಪೊಟ್ಟಣಗಳನ್ನು ಉತ್ತರ ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಆ ಆಹಾರ ತಿಂದ ಪ್ರಾಣಿಗಳಿಗೆ ಮೂತ್ರಪಿಂಡ ವೈಫಲ್ಯ ಆಗುತ್ತಿತ್ತು. ಮೊದಲು ಇಲಿಪಾಷಾಣದ ಸಂಶಯ ಬಂತು, ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯ ಅಮಿನೋಪ್ಟೆರಿನ್ ಎಂಬ ವಸ್ತುವಿನ ಹೆಸರು ಹೇಳಿತು. ಆಮೇಲೆ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ, ಅಂದರೆ ಗೋಧಿಯಿಂದ ಬೇರ್ಪಡಿಸಿದ ಪ್ರೋಟೀನಿನಲ್ಲಿ, ಮೆಲಮೈನ್ ಸಿಕ್ಕಿತು. ಅದು ನಿಜವಾದ ಗ್ಲುಟೆನ್ ಕೂಡ ಆಗಿರದೆ, ಮೆಲಮೈನ್ ಬೆರೆಸಿದ ಬರೀ ಗೋಧಿ ಹಿಟ್ಟಾಗಿತ್ತು.

ಆಗ ಎಲ್ಲ ತಜ್ಞರೂ ಇಲ್ಲಿ ವ್ಯಾಪಾರಿಗಳು ಕೇಳಿದ ಪ್ರಶ್ನೆಯನ್ನೇ ಕೇಳಿದರು. ಉತ್ತರ ಬಂದದ್ದು ಅದೇ ಆಹಾರದಲ್ಲಿ ಸಯನ್ಯೂರಿಕ್ ಆಮ್ಲ ಎಂಬ ಎರಡನೆಯ ವಸ್ತು ಪತ್ತೆಯಾದಾಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಬೆಕ್ಕುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಮೆಲಮೈನ್ ಮಾತ್ರ ತಿಂದವುಗಳ ಮೂತ್ರಪಿಂಡ ಸರಿಯಾಗಿಯೇ ಇತ್ತು, ಸಯನ್ಯೂರಿಕ್ ಆಮ್ಲ ಮಾತ್ರ ತಿಂದವುಗಳದ್ದೂ ಸರಿಯಾಗಿತ್ತು. ಎರಡನ್ನೂ ಆಹಾರದ ಶೇ. 0.2ರಷ್ಟು ಪ್ರಮಾಣದಲ್ಲಿ ಸೇರಿಸಿ ಕೊಟ್ಟಾಗ ಎರಡೇ ದಿನಗಳಲ್ಲಿ ಮೂತ್ರಪಿಂಡ ಕೈಕೊಟ್ಟಿತು. ಆದ್ದರಿಂದ ‘ಮೆಲಮೈನ್ ವಿಷವೋ ಅಲ್ಲವೋ’ ಎಂಬ ಪ್ರಶ್ನೆಯೇ ಅಪೂರ್ಣ. ಅದರ ಜೊತೆಗೆ ಆ ಚೀಲದಲ್ಲಿ ಇನ್ನೇನಿತ್ತು ಎಂದು ಕೇಳಬೇಕು.

ಬೀಳಗಿ ವಿದ್ಯಾರ್ಥಿನಿ
ಮೇಡಂ, ಎರಡೂ ಆಹಾರದಲ್ಲೇ ಜೊತೆಗಿದ್ದರೆ ಹೊಟ್ಟೆಯಲ್ಲೇ ಸೇರಿಕೊಂಡು ಗಟ್ಟಿಯಾಗಿ ಸಗಣಿಯಲ್ಲಿ ಹೊರಹೋಗಬೇಕಲ್ಲವೇ? ಮೂತ್ರಪಿಂಡದವರೆಗೆ ಹೇಗೆ ತಲುಪುತ್ತವೆ?

ಜಮಖಂಡಿ ರಸಾಯನ ಮಾಸ್ತರ
ಬಹಳ ಒಳ್ಳೆಯ ಪ್ರಶ್ನೆ, ತಂಗಿ. ಈ ಎರಡು ಅಣುಗಳು ಜಲಜನಕ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡು ಹಾಸಿನಂತೆ ಹರಡುತ್ತವೆ. ಮೆಲಮೈನ್ ಒಂದೇ ಇದ್ದರೆ ಲೀಟರ್ ನೀರಿನಲ್ಲಿ ಸುಮಾರು ಮೂರು ಗ್ರಾಂ ಕರಗುತ್ತದೆ. ಹೆಣೆದುಕೊಂಡ ಹರಳು ಕೆಲವೇ ಮಿಲಿಗ್ರಾಂನಷ್ಟು ಕರಗುತ್ತದೆ. ಆದರೆ ಜಠರದ ತೀವ್ರ ಆಮ್ಲದಲ್ಲಿ ಆ ಬಂಧ ಬಿಚ್ಚಿಕೊಂಡು, ಎರಡೂ ಬೇರೆಬೇರೆಯಾಗಿ ರಕ್ತಕ್ಕೆ ಸೇರುತ್ತವೆ. ದೇಹ ಇವೆರಡನ್ನೂ ಹೆಚ್ಚು ಬದಲಿಸದೆ ಮೂತ್ರದ ಮೂಲಕ ಹೊರಹಾಕಲು ಹೋಗುತ್ತದೆ. ಮೂತ್ರಪಿಂಡದ ನಾಳಿಕೆಗಳಲ್ಲಿ ನೀರು ಹೀರಲ್ಪಟ್ಟು ಮೂತ್ರ ಗಟ್ಟಿಯಾಗುತ್ತಾ ಹೋದಂತೆ, ಅಲ್ಲಿಯ ಆಮ್ಲತೆ ಜಠರದಷ್ಟು ತೀವ್ರವಾಗಿಲ್ಲದ ಕಾರಣ, ಮತ್ತೆ ಒಂದನ್ನೊಂದು ಹಿಡಿದುಕೊಂಡು ಹರಳಾಗುತ್ತವೆ. ಘಟಪ್ರಭಾ ಕಾಲುವೆಯ ಕೊನೆಯ ಹೊಲಗಾಲುವೆಗಳಲ್ಲಿ ಹೂಳು ಕೂತರೆ ಮೇಲಿನ ನೀರು ಹಿಂದಕ್ಕೆ ನಿಲ್ಲುವ ಹಾಗೆ, ನಾಳಿಕೆಗಳ ದೂರದ ಭಾಗ ಕಟ್ಟಿಕೊಂಡು ಹಿಂದಿನ ಅಂಗಾಂಶ ಒತ್ತಡದಿಂದ ಹಾಳಾಗುತ್ತದೆ.

ಪಶುವೈದ್ಯೆ, ಬೆಳಗಾವಿ
ಮಾಸ್ತರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಗೋಕಾಕದವರು ಹೇಳಿದ ಚೀನಾದ ಕೂಸುಗಳ ಪ್ರಕರಣದಲ್ಲಿ ಕಲ್ಲುಗಳು ಮೆಲಮೈನ್ ಮತ್ತು ಯೂರಿಕ್ ಆಮ್ಲ ಸೇರಿ ಆದವು. ಮನುಷ್ಯರ ಮೂತ್ರದಲ್ಲಿ, ಅದರಲ್ಲೂ ಕೂಸುಗಳ ಮೂತ್ರದಲ್ಲಿ, ಯೂರಿಕ್ ಆಮ್ಲ ಸಹಜವಾಗಿಯೇ ಇರುತ್ತದೆ. ಹೆಚ್ಚಿನ ನಾಯಿಗಳು ಯೂರಿಕ್ ಆಮ್ಲವನ್ನು ಇನ್ನೂ ಮುಂದಕ್ಕೆ ಒಡೆದು ಅಲಾಂಟೋಯಿನ್ ಎಂಬ ಬೇರೆ ವಸ್ತುವನ್ನಾಗಿ ಮಾಡಿಕೊಳ್ಳುತ್ತವೆ, ಡಾಲ್ಮೇಶಿಯನ್ ತಳಿ ಇದಕ್ಕೆ ಹೊರತು. ಹೀಗಾಗಿ ನಾಯಿ ಬೆಕ್ಕುಗಳಲ್ಲಿ ಮೆಲಮೈನ್‌ಗೆ ಜೊತೆಗಾರ ಹೊರಗಿನಿಂದಲೇ ಬರಬೇಕಾಯಿತು. ಎರಡೂ ಘಟನೆಗಳನ್ನು ಒಂದೇ ಎಂದು ಹೇಳಬಾರದು.

ಗೋಕಾಕ ಹೈನುಗಾರ
ಹಾಗಾದರೆ ನಮ್ಮ ದನಗಳ ಆಹಾರಕ್ಕೆ ಯೂರಿಯಾ ಹಾಕುವುದೂ ಇಂಥದ್ದೇ ಮೋಸವಲ್ಲವೇ? ಅದರಲ್ಲೂ ಸಾರಜನಕ ಹೆಚ್ಚಿದೆ, ಪ್ರೋಟೀನ್ ಅಂಕಿಯನ್ನು ಅದೂ ಏರಿಸುತ್ತದೆ.

ಬೈಲಹೊಂಗಲ ಹಿಂಡಿ ವ್ಯಾಪಾರಿ
ಇದನ್ನು ನಾನು ಒಪ್ಪುವುದಿಲ್ಲ. ಮಿತಿಯೊಳಗೆ ಯೂರಿಯಾ ಬಳಸುವುದು ಪಶು ಆಹಾರದಲ್ಲಿ ಒಪ್ಪಿತವಾದ ಪದ್ಧತಿ, ಸುಮಾರು ಶೇ. 1ರ ಮಿತಿ ಎಲ್ಲ ತಯಾರಕರಿಗೂ ಗೊತ್ತಿದೆ. ಕರುಗಳಿಗೆ ಹಾಕಬಾರದು ಎಂದು ನಾವು ಗಿರಾಕಿಗಳಿಗೆ ಹೇಳಿಯೇ ಕೊಡುತ್ತೇವೆ.

ಪಶುವೈದ್ಯೆ, ಬೆಳಗಾವಿ
ಇಲ್ಲಿ ವ್ಯಾಪಾರಿಗಳ ಮಾತೇ ಸರಿ. ಆಕಳು, ಎಮ್ಮೆ, ಕುರಿಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕವನ್ನು ಬಳಸಿ ನಿಜವಾದ ಪ್ರೋಟೀನ್ ಕಟ್ಟುತ್ತವೆ. ನಾಯಿಗೆ, ಕೋಳಿಗೆ, ಇನ್ನೂ ಮೆಲುಕು ಹಾಕದ ಕರುವಿಗೆ ಆ ಶಕ್ತಿ ಇಲ್ಲ. ಯೂರಿಯಾ ಮಿತಿ ಮೀರಿದರೆ ದನ ಸಾಯುವುದು ಅಮೋನಿಯಾ ನಂಜಿನಿಂದ, ಅದೂ ಕೆಲವೇ ಗಂಟೆಗಳಲ್ಲಿ. ಹೊಟ್ಟೆ ಉಬ್ಬಿ ನಡುಕ ಬಂದ ಕೂಡಲೇ ವೈದ್ಯರನ್ನು ಕರೆಯಬೇಕು. ಅವರು ಬರುವಷ್ಟರಲ್ಲಿ ತಣ್ಣೀರಿನ ಜೊತೆ ವಿನಿಗರ್ ಕುಡಿಸುವುದುಂಟು.

ಆದರೂ ಗೋಕಾಕದವರ ಸಂಶಯದಲ್ಲಿ ಒಂದು ತಿರುಳಿದೆ. ಯೂರಿಯಾವನ್ನು ಕಾಸಿ ಬೈಯುರೆಟ್ ಎಂಬ ಸಾರಜನಕದ ಪದಾರ್ಥವನ್ನು ತಯಾರಿಸುವಾಗ ಸಯನ್ಯೂರಿಕ್ ಆಮ್ಲವೂ ಉಪವಸ್ತುವಾಗಿ ಹುಟ್ಟುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಆಹಾರಕ್ಕೆ ಬಳಸುವ ಬೈಯುರೆಟ್‌ನಲ್ಲಿ ಅದು ಒಂದು ಮಿತಿಯವರೆಗೆ ಇರಲು ಅಮೆರಿಕದಲ್ಲಿ ಅನುಮತಿಯೂ ಇದೆ. ಅಂಥ ಒಂದು ಪದಾರ್ಥ ದನದ ಚೀಲದಿಂದ ನಾಯಿಯ ಚೀಲಕ್ಕೆ ಬಂದರೆ, ಒಂದು ಕಡೆ ನಿಯಮಬದ್ಧವಾಗಿದ್ದದ್ದು ಇನ್ನೊಂದು ಕಡೆ ಅಪಾಯದ ಅರ್ಧ ಭಾಗವಾಗುತ್ತದೆ.

ಅಥಣಿ ಕೋಳಿ ಫಾರ್ಮ್
ಬೆರಕೆ ಮಾಡುವವರನ್ನು ಮಾತ್ರ ನೋಡುತ್ತಿದ್ದೀರಿ. ಯಾರೂ ಬೆರೆಸದೆಯೇ ಆಹಾರಕ್ಕೆ ಸೇರುವ ವಿಷಗಳು ನಮ್ಮ ಭಾಗದಲ್ಲಿ ಹೆಚ್ಚು. ಮಳೆಗಾಲದಲ್ಲಿ ಗೋವಿನಜೋಳವನ್ನು ಸರಿಯಾಗಿ ಒಣಗಿಸದೆ ಚೀಲ ತುಂಬಿಸಿದರೆ ಬೂಷ್ಟು ಹಿಡಿಯುತ್ತದೆ. ಚೀಲದೊಳಗೆ ಕೈ ಹಾಕಿದರೆ ನಡುವೆ ಬೆಚ್ಚಗಿರುತ್ತದೆ, ಕಾಳುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿರುತ್ತವೆ, ಮೊಳಕೆಯ ಮೂತಿಯ ಬಳಿ ಹಸಿರು ನೀಲಿ ಪುಡಿ ಕಾಣುತ್ತದೆ. ಅಂಥ ಕಾಳಿನಲ್ಲಿ ಓಕ್ರಾಟಾಕ್ಸಿನ್ ಮತ್ತು ಸಿಟ್ರಿನಿನ್ ಎಂಬ ಎರಡು ವಿಷಗಳು ಜೊತೆಯಾಗಿ ಇರಬಹುದು, ಎರಡನ್ನೂ ಒಂದೇ ಜಾತಿಯ ಬೂಷ್ಟು ಉಂಟುಮಾಡಬಲ್ಲದು, ಎರಡರ ಗುರಿಯೂ ಮೂತ್ರಪಿಂಡವೇ. ಡೆನ್ಮಾರ್ಕಿನಲ್ಲಿ ಬೂಷ್ಟು ಹಿಡಿದ ಕಾಳು ತಿಂದ ಹಂದಿಗಳ ಮೂತ್ರಪಿಂಡ ಬಿಳಿಚಿ ಊದಿಕೊಳ್ಳುವ ರೋಗವನ್ನು ಕಳೆದ ಶತಮಾನದ ಮೊದಲ ಭಾಗದಿಂದಲೇ ಗುರುತಿಸಿದ್ದರು.

ಇನ್ನೊಂದು ಸಂಗತಿಯೂ ಇದೆ. ಕೋಳಿ ಹಿಕ್ಕೆಯಲ್ಲಿ ನೊಣದ ಹುಳು ಬೆಳೆಯದಂತೆ ಮೊಟ್ಟೆ ಕೋಳಿಯ ಆಹಾರಕ್ಕೆ ಸೈರೋಮಜಿನ್ ಹಾಕುತ್ತಾರೆ. ಅದು ಒಡೆದಾಗ ಮೆಲಮೈನ್ ಆಗುತ್ತದೆ. ಹಾಗಾಗಿ ಮೆಲಮೈನ್ ಸಿಕ್ಕ ಕೂಡಲೇ ಬೆರಕೆ ಎಂದು ತೀರ್ಮಾನಿಸುವಂತಿಲ್ಲ, ಪ್ರಮಾಣ ಎಷ್ಟು ಎಂಬುದನ್ನೂ ನೋಡಬೇಕು.

ಇಂಡಿ ಕುರಿಗಾರ
ಬೂಷ್ಟು ಹಿಡಿದ ಕಣಕಿಯನ್ನು ನಮ್ಮ ಕುರಿಗಳು ತಿಂದಿವೆ, ಮೂತ್ರಪಿಂಡದ ತೊಂದರೆ ಕಂಡಿಲ್ಲ. ಇದನ್ನು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಿದ್ದೀರಿ ಎನಿಸುತ್ತದೆ.

ಅಥಣಿ ಕೋಳಿ ಫಾರ್ಮ್
ಕಾಕಾ, ಕುರಿಯ ಮೊದಲ ಹೊಟ್ಟೆಯ ಜೀವಿಗಳು ಓಕ್ರಾಟಾಕ್ಸಿನ್ನಿನ ಬಹುಭಾಗವನ್ನು ಒಡೆದುಹಾಕುತ್ತವೆ. ಕೋಳಿಗೂ ನಾಯಿಗೂ ಆ ರಕ್ಷಣೆ ಇಲ್ಲ. ಕುರಿಗೆ ಏನೂ ಆಗಲಿಲ್ಲವೆಂದು ಬೂಷ್ಟು ಹಿಡಿದ ಕಾಳಿನ ನುಚ್ಚನ್ನು ಬೇಯಿಸಿ ನಾಯಿಗೆ ಹಾಕಬೇಡಿ, ಸಾಮಾನ್ಯ ಅಡುಗೆಯ ಕಾವಿಗೆ ಆ ವಿಷ ಪೂರ್ತಿ ಹೋಗುವುದಿಲ್ಲ.

ತಿಕೋಟಾ ದ್ರಾಕ್ಷಿ
ನಾಯಿಯ ಮೂತ್ರಪಿಂಡದ ಮಾತು ಬಂದದ್ದರಿಂದ ನಮ್ಮ ಕಡೆಯ ಒಂದು ವಿಷಯವನ್ನು ಕೇಳುತ್ತೇನೆ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಾವಲಿಗೆ ನಾಯಿ ಕಟ್ಟುವುದು ಸಾಮಾನ್ಯ. ನೆಲಕ್ಕೆ ಬಿದ್ದ ಒಣದ್ರಾಕ್ಷಿಯನ್ನು ಅವು ನೆಕ್ಕುತ್ತವೆ. ಒಣಗಿಸುವ ಮೊದಲು ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತೇವೆ. ನಾಯಿಗೆ ತೊಂದರೆಯಾದರೆ ಅದಕ್ಕೆ ಆ ದ್ರಾವಣ ಕಾರಣವೋ, ದ್ರಾಕ್ಷಿಯೇ ಕಾರಣವೋ?

ಪಶುವೈದ್ಯೆ, ಬೆಳಗಾವಿ
ದ್ರಾಕ್ಷಿಯೇ ಕಾರಣ. ಮನೆಯ ಹಿತ್ತಲಲ್ಲಿ ಯಾವ ಔಷಧವನ್ನೂ ಸಿಂಪಡಿಸದೆ ಬೆಳೆದ ದ್ರಾಕ್ಷಿ ತಿಂದ ನಾಯಿಗಳಿಗೂ ಮೂತ್ರಪಿಂಡ ವೈಫಲ್ಯ ಆಗಿರುವುದು ದಾಖಲಾಗಿದೆ. ಬಹಳ ವರ್ಷ ಕಾರಣ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷ ತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೊಟ್ಟು ಮಾಡಿದರು. ಹುಣಸೆಹಣ್ಣಿನಲ್ಲೂ ಅದು ಹೇರಳವಾಗಿದೆ, ಆದ್ದರಿಂದ ಹುಳಿ ಹಾಕಿದ ಸಾರಿನ ಅನ್ನವನ್ನು ನಾಯಿಗೆ ಹಾಕಬೇಡಿ. ಶೆಡ್ಡಿನ ನಾಯಿಯನ್ನು ದಯವಿಟ್ಟು ಹೊರಗೆ ಕಟ್ಟಿ.

ಇಂಡಿ ಕುರಿಗಾರ
ಮೂಲ ಮಾತಿಗೆ ಬರುತ್ತೇನೆ. ಸರಕಾರ ಒಂದೊಂದು ರಾಸಾಯನಿಕಕ್ಕೂ ಮಿತಿ ಹಾಕಿದೆ. ಎಲ್ಲವೂ ಮಿತಿಯೊಳಗಿದ್ದರೆ ಆಹಾರ ಸುರಕ್ಷಿತ ಎಂದೇ ಅರ್ಥವಲ್ಲವೇ? ಹಾಗಲ್ಲವೆಂದರೆ ಮಿತಿಗಳಿಗೆ ಏನು ಬೆಲೆ?

ವಿಜಯಪುರ ಪ್ರಯೋಗಾಲಯ
ನಾನು ಆಹಾರ ಪರೀಕ್ಷೆಯ ಕೆಲಸದಲ್ಲಿರುವವನು. ಕಾಕಾ ಅವರ ಪ್ರಶ್ನೆಯೇ ಈ ವಿಷಯದ ನಡುಗಂಬ. ಬಹುಪಾಲು ಮಿತಿಗಳನ್ನು ಒಂದು ವಸ್ತುವನ್ನು ಒಂಟಿಯಾಗಿ ಪ್ರಾಣಿಗೆ ಕೊಟ್ಟು, ಅದು ಎಷ್ಟರವರೆಗೆ ತೊಂದರೆ ಮಾಡುವುದಿಲ್ಲ ಎಂದು ನೋಡಿ ನಿಗದಿಪಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರ ಕೊನೆಯಲ್ಲಿ ಮೆಲಮೈನ್‌ಗೆ ಮನುಷ್ಯನ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.2 ಮಿಲಿಗ್ರಾಂ ಎಂದು, ಸಯನ್ಯೂರಿಕ್ ಆಮ್ಲಕ್ಕೆ 1.5 ಮಿಲಿಗ್ರಾಂ ಎಂದು ಬೇರೆಬೇರೆಯಾಗಿಯೇ ಹೇಳಿತು. ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗವಾದ ಕೋಡೆಕ್ಸ್ 2010ರಲ್ಲಿ ಶಿಶು ಆಹಾರದ ಪುಡಿಗೆ ಕಿಲೋಗೆ 1 ಮಿಲಿಗ್ರಾಂ, ಉಳಿದ ಆಹಾರಕ್ಕೂ ಪಶು ಆಹಾರಕ್ಕೂ 2.5 ಮಿಲಿಗ್ರಾಂ ಎಂದು ಮೆಲಮೈನ್ ಮಿತಿ ಇಟ್ಟಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಮಾತ್ರ 2008ರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಮೆಲಮೈನ್ ಎಷ್ಟು ಎಂಬ ತನ್ನ 0.63 ಮಿಲಿಗ್ರಾಂ ಅಂಕಿಯನ್ನು ಹತ್ತು ಪಟ್ಟು ಇಳಿಸಿ 0.063ಕ್ಕೆ ತಂದಿತು. ಜೊತೆಗೆ ಸಯನ್ಯೂರಿಕ್ ಆಮ್ಲವೂ ಇದ್ದರೆ ಏನಾದೀತೆಂಬ ಅನಿಶ್ಚಿತತೆಗಾಗಿಯೇ ಆ ಹೆಚ್ಚಿನ ಎಚ್ಚರಿಕೆ.

ಮಿತಿಗಳಿಗೆ ಬೆಲೆ ಖಂಡಿತ ಇದೆ, ಏಕೆಂದರೆ ಕಿಲೋಗೆ 2.5 ಮಿಲಿಗ್ರಾಂ ಎಂಬುದು ಬೆಕ್ಕುಗಳಿಗೆ ಕೆಡುಕು ಮಾಡಿದ ಶೇ. 0.2ಕ್ಕೆ, ಅಂದರೆ ಕಿಲೋಗೆ 2 ಗ್ರಾಂಗೆ, ಹೋಲಿಸಿದರೆ ಬಹಳ ಕೆಳಗಿದೆ. ಆದರೆ ಯಾರೂ ಕೇಳದ ವಸ್ತುವನ್ನು ಪ್ರಯೋಗಾಲಯ ಹುಡುಕುವುದಿಲ್ಲ. ಮುಧೋಳದವರ ವರದಿಯಲ್ಲಿ ಪ್ರೋಟೀನ್ ಒಂದೇ ಇದೆ. ಅದರಿಂದ ಆಹಾರ ಶುದ್ಧವೆಂದೂ ಹೇಳಲಾಗದು, ವಿಷವೆಂದೂ ಹೇಳಲಾಗದು.

ಬೈಲಹೊಂಗಲ ಹಿಂಡಿ ವ್ಯಾಪಾರಿ
ಹಾಗಾದರೆ ನಾವು ಸಣ್ಣ ಅಂಗಡಿಯವರು ಪ್ರತಿ ಚೀಲಕ್ಕೂ ಎಷ್ಟೆಂದು ಪರೀಕ್ಷೆ ಮಾಡಿಸಬೇಕು? ಅಂಥ ಒಂದು ಪರೀಕ್ಷೆಯ ಖರ್ಚಿಗೆ ಹಲವು ಚೀಲಗಳ ಲಾಭ ಹೋಗುತ್ತದೆ.

ಜಮಖಂಡಿ ರಸಾಯನ ಮಾಸ್ತರ
ಪರೀಕ್ಷೆಯ ಹೊಣೆಯನ್ನು ತಯಾರಕರೇ ಹೊರಬೇಕು, ಅದನ್ನು ನಿಮ್ಮ ಮೇಲೆ ಹೊರಿಸುವುದು ಅನ್ಯಾಯ. ಆದರೆ ಮೂಲ ಚೀಲವನ್ನು ಬಿಚ್ಚಿ, ಬೇರೆ ಚೀಲದ ಮಾಲನ್ನು ಸುರಿದು, ಮತ್ತೆ ಹೊಲಿಯದಿರುವುದು ಅಂಗಡಿಯವರ ಕೈಯಲ್ಲೇ ಇದೆ. ಎರಡು ಕಡೆಯ ಮಾಲು ಒಂದಾದ ಮೇಲೆ ಯಾವುದರಲ್ಲಿ ಏನಿತ್ತೆಂದು ಯಾವ ಯಂತ್ರವೂ ಹೇಳಲಾರದು.

ಬೈಲಹೊಂಗಲ ಹಿಂಡಿ ವ್ಯಾಪಾರಿ
ಆ ಮಾತನ್ನು ಒಪ್ಪುತ್ತೇನೆ. ಮರುಹೊಲಿಗೆ ಹಾಕಿದ ಚೀಲವನ್ನು ನಮ್ಮ ಅಂಗಡಿಯಲ್ಲಿ ಇಳಿಸಿಕೊಳ್ಳುವುದಿಲ್ಲ, ಇತರರೂ ಇಳಿಸಿಕೊಳ್ಳಬಾರದು.

ಮುಧೋಳ ಬೇಟೆನಾಯಿ
ಇಷ್ಟು ಜನ ಉತ್ತರಿಸಿದ್ದಕ್ಕೆ ಕೃತಜ್ಞತೆಗಳು. ಗಂಡು ನಾಯಿಯ ಕ್ರಿಯಾಟಿನಿನ್ ಇಳಿಯುತ್ತಿದೆ, ಇಂದು ಸ್ವಲ್ಪ ಮಜ್ಜಿಗೆ ಅನ್ನ ತಿಂದಿತು. ಇಲಿಜ್ವರದ ಪರೀಕ್ಷೆ ನೆಗೆಟಿವ್ ಬಂದಿದೆ. ಆಹಾರ ಇನ್ನೂ ಸುಮಾರು ಎರಡು ಕಿಲೋ ಉಳಿದಿದೆ. ಈಗ ಯಾವ ಪರೀಕ್ಷೆ ಕೇಳಬೇಕು, ಏನನ್ನು ಹೇಗೆ ಕಳುಹಿಸಬೇಕು? ಹೆಣ್ಣು ನಾಯಿಗೂ ಪರೀಕ್ಷೆ ಅಗತ್ಯವೇ?

ವಿಜಯಪುರ ಪ್ರಯೋಗಾಲಯ
ಆಹಾರವನ್ನು ಎರಡು ಪಾಲು ಮಾಡಿ, ಗಾಳಿಯಾಡದ ಹೊಸ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ಒಂದನ್ನು ಫ್ರೀಜರಿನಲ್ಲಿ ಇಡಿ. ಅದನ್ನು ಯಾರಿಗೂ ಕೊಡಬೇಡಿ. ಪರೀಕ್ಷೆ ಕೇಳುವಾಗ ‘ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲ, ಎರಡೂ, ಮಾಸ್ ಸ್ಪೆಕ್ಟ್ರೋಮೀಟರ್ ವಿಧಾನದಲ್ಲಿ’ ಎಂದು ಬರೆದುಕೊಡಿ. ಮೆಲಮೈನ್‌ಗೆಂದೇ ಮಾಡಿದ ಅಗ್ಗದ ಎಲಿಸಾ ಎಂಬ ಪರೀಕ್ಷಾ ಕಿಟ್‌ಗೆ ಸಯನ್ಯೂರಿಕ್ ಆಮ್ಲ ಕಾಣುವುದಿಲ್ಲ, ಅರ್ಧ ಉತ್ತರ ಮಾತ್ರ ಸಿಗುತ್ತದೆ. ಅದೇ ಮಾದರಿಯಲ್ಲಿ ಓಕ್ರಾಟಾಕ್ಸಿನ್ ಮತ್ತು ಸಿಟ್ರಿನಿನ್ ಕೂಡ ಕೇಳಿ.

ಮಾದರಿ ಉಳಿಸುವುದು ಏಕೆ ಮುಖ್ಯವೆಂದರೆ, 2004ರಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ಸಾವಿರಾರು ನಾಯಿಗಳಿಗೆ ಇದೇ ಬಗೆಯ ಮೂತ್ರಪಿಂಡ ವೈಫಲ್ಯ ಆಗಿತ್ತು, ಆಗ ಬೂಷ್ಟಿನ ವಿಷವೇ ಕಾರಣ ಎಂದುಕೊಂಡಿದ್ದರು. ಮೂರು ವರ್ಷಗಳ ಮೇಲೆ ಯಾರೋ ಜೋಪಾನ ಮಾಡಿದ್ದ ಅಂಗಾಂಶಗಳನ್ನು ಮತ್ತೆ ನೋಡಿದಾಗ ಮೆಲಮೈನ್ ಮತ್ತು ಸಯನ್ಯೂರಿಕ್ ಆಮ್ಲದ ಹರಳುಗಳೇ ಸಿಕ್ಕವು.

ಪಶುವೈದ್ಯೆ, ಬೆಳಗಾವಿ
ಹೆಣ್ಣು ನಾಯಿಗೆ ಪರೀಕ್ಷೆ ಬೇಕೇ ಬೇಕು. ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ಕ್ರಿಯಾಟಿನಿನ್ ಏರುವುದಿಲ್ಲ, ಆದ್ದರಿಂದ ಅದು ಸರಿಯಿದೆಯೆಂದು ಸಮಾಧಾನಪಡಬೇಡಿ. ಬೆಳಗಿನ ಮೊದಲ ಮೂತ್ರವನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ತಡಮಾಡದೆ ವೈದ್ಯರಿಗೆ ಕೊಟ್ಟು ಸಾಂದ್ರತೆ ನೋಡಿಸಿ. ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕ್ರಿಯಾಟಿನಿನ್‌ಗಿಂತ ಮೊದಲೇ ಕುಸಿಯುತ್ತದೆ. ಅದೇ ಮೂತ್ರವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಲು ಹೇಳಿ. ಈ ಹರಳುಗಳು ದುಂಡಗೆ, ಹಳದಿ ಮಿಶ್ರಿತ ಕಂದು ಬಣ್ಣದಲ್ಲಿ, ನಡುವಿನಿಂದ ಅಂಚಿಗೆ ಗೆರೆ ಎಳೆದಂತೆ ಇರುತ್ತವೆ.

ಇದನ್ನು ಓದುತ್ತಿರುವ ಇತರರ ಮನೆಯಲ್ಲಿ ಹೀಗೇ ಪ್ರಾಣಿ ಸತ್ತಿದ್ದರೆ ಒಂದು ಎಚ್ಚರಿಕೆ. ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡದ ತುಂಡನ್ನು ಫಾರ್ಮಲಿನ್‌ನಲ್ಲಿ ಬಹಳ ದಿನ ಇಟ್ಟರೆ ಈ ಹರಳುಗಳು ಕರಗಿಹೋಗುತ್ತವೆ. ಒಂದು ತುಂಡನ್ನು ತಾಜಾ ಇರುವಾಗಲೇ ಗಾಜಿನ ಮೇಲೆ ಒತ್ತಿ ನೋಡಲು, ಇನ್ನೊಂದನ್ನು ಹೆಪ್ಪುಗಟ್ಟಿಸಿ ಇಡಲು ವೈದ್ಯರನ್ನು ಕೇಳಿಕೊಳ್ಳಿ.

ಬೀಳಗಿ ವಿದ್ಯಾರ್ಥಿನಿ
ನಾಯಿ ತಿನ್ನುವ ಒಣಮಾಂಸದ ತುಂಡುಗಳಿಗೂ ಇದೇ ಪರೀಕ್ಷೆ ಸಾಕೇ, ಮೇಡಂ?

ಪಶುವೈದ್ಯೆ, ಬೆಳಗಾವಿ
ಸಾಲದು. ಒಣಗಿಸಿದ ಕೋಳಿಮಾಂಸದ ತುಂಡು ತಿಂದ ನಾಯಿಗಳ ಬಗ್ಗೆ ಎಫ್‌ಡಿಎ 2007ರಿಂದ ಮತ್ತೆ ಮತ್ತೆ ಎಚ್ಚರಿಸಿತ್ತು. ಅವುಗಳ ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಸಕ್ಕರೆ ಹೋಗುತ್ತಿತ್ತು. ಎಷ್ಟು ಹುಡುಕಿದರೂ ಕಾರಣವಾದ ವಸ್ತು ಸಿಗಲಿಲ್ಲ. ಆದ್ದರಿಂದ ಮೂತ್ರದ ಸಕ್ಕರೆಯನ್ನೂ ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಯಿಂದಲೇ ನೋಡಿಸಿ, ಖರ್ಚು ಬಹಳ ಕಡಿಮೆ.

ಮುಧೋಳ ಬೇಟೆನಾಯಿ
ಆಗಲಿ ಮೇಡಂ. ಅಂಗಡಿಯವರು ಆ ಚೀಲದ ಮೇಲಿನ ಚೀಟಿಯನ್ನು ಹರಿದು ಕೊಟ್ಟಿದ್ದಾರೆ, ಅದರಲ್ಲಿ ಲಾಟ್ ಸಂಖ್ಯೆ ಅರ್ಧ ಅಳಿಸಿದೆ. ಅದರ ಫೋಟೋವನ್ನು ಮಾದರಿಯ ಜೊತೆಗೇ ಕಳುಹಿಸುತ್ತೇನೆ. ವರದಿ ಬಂದ ಮೇಲೆ ಎರಡೂ ಅಂಕಿಗಳನ್ನು ಇಲ್ಲಿಯೇ ಬರೆಯುತ್ತೇನೆ.

ಬೈಲಹೊಂಗಲ ಹಿಂಡಿ ವ್ಯಾಪಾರಿ
ಚೀಟಿಯಲ್ಲಿ ಓದಲು ಬರುವ ಅಂಕಿಗಳನ್ನು ಈಗಲೇ ಇಲ್ಲಿ ಹಾಕಿರಿ. ಅದೇ ಲಾಟಿನ ಮಾಲು ನಮ್ಮ ಕಡೆಯ ಅಂಗಡಿಗಳಿಗೂ ಬಂದಿದ್ದರೆ, ವರದಿ ಬರುವವರೆಗೆ ಅದನ್ನು ಮಾರದೆ ಬದಿಗಿಡಲು ನಾನೇ ಎಲ್ಲರಿಗೂ ಫೋನ್ ಮಾಡಿ ಹೇಳುತ್ತೇನೆ.